ಕೆ562 ಮೇಲೆ ಎನ್‌ಕೆ ಸೆಲ್ ಕಿಲ್ಲಿಂಗ್: ಎಲ್‌ಡಿಎಚ್ ಲೆಕ್ಕ ಮೈನಸ್‌ನಲ್ಲಿ ಬರ್ತಿದೆ

ಪ್ರಶ್ನೆ (ವೆಲ್96):
ಎನ್‌ಕೆ (ನ್ಯಾಚುರಲ್ ಕಿಲ್ಲರ್, ಕ್ಯಾನ್ಸರ್ ಕೋಶ ಕೊಲ್ಲುವ ಬಿಳಿ ರಕ್ತಕಣ) ಸೆಲ್ಸ್ ಎಷ್ಟು ಕೊಲ್ಲುತ್ತವೆ ಅಂತ, ಸತ್ತ ಕೋಶದಿಂದ ಸೋರುವ ಎಲ್‌ಡಿಎಚ್ ಕಿಣ್ವ ಅಳೆದು ನೋಡ್ತಿದ್ದೇನೆ. ಫೈಕಾಲ್‌ನಲ್ಲಿ (ರಕ್ತಕಣ ಬೇರ್ಪಡಿಸೋ ದ್ರಾವಣ) ಬೇರ್ಪಡಿಸಿದ ಪಿಬಿಎಂಸಿ (ಎನ್‌ಕೆ ಇರುವ ಬಿಳಿ ರಕ್ತಕಣಗಳ ಮಿಶ್ರಣ), ಟಾರ್ಗೆಟ್ ಕೆ562 (ರಕ್ತ ಕ್ಯಾನ್ಸರಿನ ಸೆಲ್ ಲೈನ್). ಪ್ಲೇಟಿನ ಪ್ರತಿ ವೆಲ್‌ಗೆ (ಗುಂಡಿಗೆ) 10,000 ಕೆ562, ಪಿಬಿಎಂಸಿ-ಕೆ562 ಅನುಪಾತ 25:1, 37 ಡಿಗ್ರಿಯಲ್ಲಿ 4 ಗಂಟೆ. ಮೀಡಿಯಂ ಆರ್‌ಪಿಎಂಐ, ಶೇ 10 ಎಫ್‌ಬಿಎಸ್ (ಕರುಭ್ರೂಣದ ಸೀರಂ). 490 ನ್ಯಾನೋಮೀಟರ್‌ನಲ್ಲಿ ರೀಡಿಂಗ್: ಬರೀ ಮೀಡಿಯಂ 0.40 (ಕೋಶ ಒಡೆಯುವ ಡಿಟರ್ಜೆಂಟ್ ಟ್ರೈಟಾನ್ ಹಾಕಿದರೂ ಅಷ್ಟೇ), ಪಿಬಿಎಂಸಿ ಮಾತ್ರ 0.55, ಕೆ562 ಮಾತ್ರ 0.62, ಎರಡೂ ಸೇರಿ 0.74, ಟ್ರೈಟಾನ್‌ನಲ್ಲಿ ಪೂರ್ತಿ ಒಡೆದ ಕೆ562 0.95. ಮೀಡಿಯಂ ಕಳೆದು ಲೆಕ್ಕ ಹಾಕಿದರೆ (0.34 – 0.15 – 0.22) ÷ (0.55 – 0.22), ಅಂದ್ರೆ ಕಿಲ್ಲಿಂಗ್ ಶೇ –9! ಎನ್‌ಕೆ ಸೆಲ್ಸ್ ಕೆಲಸ ಮಾಡ್ತಿಲ್ವಾ, ಅಸ್ಸೇನೇ (ಪರೀಕ್ಷೆಯೇ) ಕೆಟ್ಟಿದೆಯಾ? ಕೆ562 ಬೇರೆ ಲ್ಯಾಬಿನಿಂದ ಬಂದದ್ದು, ಪೆನ್-ಸ್ಟ್ರೆಪ್ (ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಆಂಟಿಬಯೋಟಿಕ್) ಇರೋ ಮೀಡಿಯಂನಲ್ಲೇ ಬೆಳೀತಿದೆ.

ಇಮ್ಯುನೋ_ಮೈಸೂರು:
ಎನ್‌ಕೆ ಮೇಲೆ ಅನುಮಾನ ಪಡೋಕೆ ಮೊದಲು ಕಂಟ್ರೋಲ್ ನೋಡಿ. ಮೀಡಿಯಂ ಕಳೆದರೆ ಕೆ562 ತಾನಾಗಿ ಬಿಟ್ಟದ್ದು 0.22, ಗರಿಷ್ಠ 0.55. ಅಂದ್ರೆ ಶೇ 40. ಇದು 20ರ ಒಳಗಿರಬೇಕು, ಮೀರಿದರೆ ಆ ಪ್ಲೇಟಿನ ಲೆಕ್ಕವನ್ನೇ ನಂಬಬೇಡಿ. ಕೆ562 ಮಿಲಿಲೀಟರಿಗೆ 10 ಲಕ್ಷ ದಾಟಿದರೆ ಸಾಯೋಕೆ ಶುರು ಮಾಡುತ್ತೆ. ಹಿಂದಿನ ದಿನ 2–3 ಲಕ್ಷಕ್ಕೆ ಇಳಿಸಿ, ಅಸ್ಸೇ ದಿನ ಟ್ರಿಪಾನ್ ಬ್ಲೂನಲ್ಲಿ (ಸತ್ತ ಕೋಶಕ್ಕೆ ಮಾತ್ರ ಹತ್ತುವ ಬಣ್ಣ) ಶೇ 95 ಜೀವಂತ ಇದ್ದರೆ ಮಾತ್ರ ಮುಂದುವರಿಯಿರಿ.

0.40 ಹಿನ್ನೆಲೆಗೆ ಕಾರಣ ಎಫ್‌ಬಿಎಸ್, ಸೀರಂನಲ್ಲೇ ಎಲ್‌ಡಿಎಚ್ ಇದೆ. ಅಸ್ಸೇ ಮೀಡಿಯಂ ಮಾತ್ರ ಫೀನಾಲ್ ರೆಡ್ (ಮೀಡಿಯಂನ ಬಣ್ಣದ ಸೂಚಕ) ಇಲ್ಲದ ಆರ್‌ಪಿಎಂಐ, ಶೇ 1 ಬಿಎಸ್‌ಎ (ಹಸುವಿನ ಆಲ್ಬುಮಿನ್ ಪ್ರೋಟೀನ್) ಮಾಡಿಕೊಳ್ಳಿ. 4 ಗಂಟೆಗೆ ಏನೂ ತೊಂದರೆ ಆಗಲ್ಲ. ಕೊನೆಗೆ 250 ಜಿ, 4 ನಿಮಿಷ ತಿರುಗಿಸಿ, ತಳದ ಸೆಲ್ಸ್ ಕದಡದಂತೆ 50 ಮೈಕ್ರೋಲೀಟರ್ ಮಾತ್ರ ಎತ್ತಿ. ಟ್ರೈಟಾನ್ ವೆಲ್‌ನಲ್ಲಿ ಗುಳ್ಳೆ ಎದ್ದಿದ್ದರೆ ಸೂಜಿಯಿಂದ ಒಡೆದು ರೀಡ್ ಮಾಡಿ.

ಕಲ್ಚರ್_ರೂಂ:
ಮೇಲಿನದ್ದೆಲ್ಲ ಸರಿ, ಆದರೆ ನನ್ನ ಕಣ್ಣು ಹೋದದ್ದು ಪ್ರಶ್ನೆಯ ಕೊನೆಯ ಸಾಲಿಗೆ. ಬೇರೆಡೆಯಿಂದ ಬಂದ ಸೆಲ್ ಲೈನ್, ಜೊತೆಗೆ ಸದಾ ಪೆನ್-ಸ್ಟ್ರೆಪ್: ಮೈಕೋಪ್ಲಾಸ್ಮಾ (ಅತಿ ಚಿಕ್ಕ ಬ್ಯಾಕ್ಟೀರಿಯಾ) ಅಡಗಿರೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಅದಕ್ಕೆ ಕೋಶಭಿತ್ತಿಯೇ ಇಲ್ಲ, ಪೆನಿಸಿಲಿನ್ ಏನೂ ಮಾಡದು. 0.22 ಮೈಕ್ರಾನ್ ಫಿಲ್ಟರನ್ನೂ ದಾಟುತ್ತೆ, ಮೀಡಿಯಂ ಮಸುಕಾಗೋದೂ ಇಲ್ಲ. ಅದರ ಲಿಪೊಪೆಪ್ಟೈಡ್‌ಗಳು ಟಿಎಲ್‌ಆರ್2 (ಸೂಕ್ಷ್ಮಜೀವಿ ಗುರುತಿಸುವ ರಿಸೆಪ್ಟರ್) ಮೂಲಕ ಪಿಬಿಎಂಸಿಯಲ್ಲಿರೋ ಮಾನೊಸೈಟ್‌ಗಳನ್ನ ಎಬ್ಬಿಸುತ್ತವೆ. ಇದೇ ವೆಲ್‌ಗಳಿಂದ ಸೈಟೊಕೈನ್ (ರೋಗನಿರೋಧಕ ಕೋಶಗಳ ಸಂಕೇತ ಪ್ರೋಟೀನ್) ಅಳೆದಿದ್ದರೆ ನೀವು ನೋಡ್ತಿರೋದು ಕ್ಯಾನ್ಸರ್ ಕೋಶಕ್ಕೆ ಬಂದ ಪ್ರತಿಕ್ರಿಯೆಯೋ ಸೋಂಕಿಗೆ ಬಂದದ್ದೋ ಹೇಳೋಕಾಗಲ್ಲ.

ಆಂಟಿಬಯೋಟಿಕ್ ಇಲ್ಲದೆ 3 ದಿನ ಬೆಳೆಸಿ, ಸೂಪರ್‌ನೇಟಂಟ್ (ಸೆಲ್ಸ್ ಮೇಲಿನ ದ್ರವ) 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ತಿರುಗಿಸಿ, 2 ಮೈಕ್ರೋಲೀಟರ್ 16ಎಸ್ ಪಿಸಿಆರ್‌ಗೆ (ಬ್ಯಾಕ್ಟೀರಿಯಾದ ಜೀನ್ ಪತ್ತೆ ಪರೀಕ್ಷೆ) ಹಾಕಿ. ಸೀರಂ ಪಿಸಿಆರ್ ಅನ್ನೇ ತಡೆಯಬಹುದು. ಅದು ಗೊತ್ತಾಗೋಕೆ ಅದೇ ಸ್ಯಾಂಪಲ್‌ಗೆ ಪಾಸಿಟಿವ್ ಡಿಎನ್‌ಎ ಸೇರಿಸಿದ ಒಂದು ಟ್ಯೂಬೂ ಇರಲಿ.

ವೆಲ್96:
ಪಾಸಿಟಿವ್ ಬಂದರೆ ಪ್ಲಾಸ್ಮೋಸಿನ್ (ಮೈಕೋಪ್ಲಾಸ್ಮಾ ಕೊಲ್ಲುವ ಆಂಟಿಬಯೋಟಿಕ್) 2 ವಾರ ಕೊಟ್ಟರೆ ಸಾಕಲ್ವಾ?

ಕಲ್ಚರ್_ರೂಂ:
ರೋಗಿಯಿಂದ ಬಂದ, ಮತ್ತೆ ಸಿಗದ ಸೆಲ್ಸ್ ಆಗಿದ್ದರೆ ಕೊಡಿ. ಕೆ562ಗೆ ಯಾಕೆ ಆ ತಾಪತ್ರಯ? ಬ್ಲೀಚ್ ಹಾಕಿ ಎಸೆದು, ಪುಣೆಯ ಎನ್‌ಸಿಸಿಎಸ್‌ನಂಥ (ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ) ಸೆಲ್ ರೆಪಾಸಿಟರಿಯಿಂದ ಹೊಸ ವಯಲ್ ತರಿಸಿ. ಅದೇ ಇನ್‌ಕ್ಯುಬೇಟರ್‌ನಲ್ಲಿದ್ದ ಬೇರೆ ಲೈನ್‌ಗಳನ್ನೂ ಟೆಸ್ಟ್ ಮಾಡಿ.

ಫ್ಲೋ_ಪ್ಲಾಟ್:
ಪಿಬಿಎಂಸಿ ಕಡೆಗೂ ಒಂದು ಮಾತು. ಬರೀ ಪಿಬಿಎಂಸಿಯಿಂದ 0.15 ಬರ್ತಿದೆ ಅಂದ್ರೆ ಪ್ಲೇಟ್‌ಲೆಟ್ ಸಾಕಷ್ಟು ಉಳಿದಿರಬಹುದು, ಅವುಗಳಲ್ಲೂ ಎಲ್‌ಡಿಎಚ್ ಇದೆ. ಫೈಕಾಲ್ ಆದಮೇಲೆ 200 ಜಿ, 10 ನಿಮಿಷದ ಎರಡು ವಾಶ್ ಕೊಡಿ. ಇನ್ನೊಂದು: 25:1 ಅನ್ನೋದು ಕಾಗದದ ಮೇಲೆ ಮಾತ್ರ. ಪಿಬಿಎಂಸಿಯಲ್ಲಿ ಎನ್‌ಕೆ ಶೇ 10 ಇದ್ದರೆ ನಿಜವಾದ ಅನುಪಾತ 2.5:1. ಸಿಡಿ3 ನೆಗೆಟಿವ್, ಸಿಡಿ56 ಪಾಸಿಟಿವ್ (ಎನ್‌ಕೆ ಗುರುತಿಸೋ ಮೇಲ್ಮೈ ಪ್ರೋಟೀನ್‌ಗಳು) ಎಣಿಸಿ, 50:1, 25:1, 12:1 ಮೂರನ್ನೂ ಹಾಕಿ. ಫ್ರೋಜನ್ ಪಿಬಿಎಂಸಿ ಆಗಿದ್ದರೆ ಒಂದು ರಾತ್ರಿ ಐಎಲ್-2 (ಎನ್‌ಕೆ ಚುರುಕುಗೊಳಿಸುವ ಸೈಟೊಕೈನ್) ಜೊತೆ ಸುಧಾರಿಸಿಕೊಳ್ಳಲಿ, ಕರಗಿಸಿದ ತಕ್ಷಣ ಕಿಲ್ಲಿಂಗ್ ಬೀಳುತ್ತೆ.

ಸೈಟೋಮೀಟರ್ (ಕೋಶಗಳನ್ನ ಒಂದೊಂದಾಗಿ ಬಣ್ಣದಿಂದ ಗುರುತಿಸುವ ಯಂತ್ರ) ಕೈಗೆ ಸಿಗೋದಾದರೆ ಎಲ್‌ಡಿಎಚ್ ಬಿಟ್ಟುಬಿಡಿ ಅಂತೀನಿ. ಕೆ562ಗೆ ಸಿಎಫ್‌ಎಸ್‌ಇ (ಗುರುತಿನ ಬಣ್ಣ), ಕೊನೆಗೆ 7-ಎಎಡಿ (ಸತ್ತ ಕೋಶಕ್ಕೆ ಹತ್ತುವ ಬಣ್ಣ): ಸತ್ತದ್ದು ಕೆ562ನೋ ಲಿಂಫೊಸೈಟೋ ಗೇಟಲ್ಲೇ ಕಾಣುತ್ತೆ.