ಅಪ್‌ಡೇಟ್: ತೂಕದ ಚೀಟಿ ವಿಷಯ

ನಾನು ಕೆಲಸ ಮಾಡೋ ಚಿಕ್ಕಮಗಳೂರಿನ ಕಾಫಿ ಖರೀದಿ ಅಂಗಡಿಯಲ್ಲಿ, ಬೆಳೆಗಾರರ ತೂಕದ ಚೀಟಿಯಲ್ಲಿ ಚೀಲಕ್ಕೆ ಒಂದು ಕೆಜಿ ಕಡಿಮೆ ಬರಿ ಅಂತ ಸಾಹುಕಾರ್ರು ಹೇಳ್ತಾರೆ, ಕ್ರೈಸ್ತಳಾಗಿ ಏನು ಮಾಡಲಿ ಅಂತ ಕೇಳಿದ್ದೆ. ‘ಪಾಪ ಸಾಹುಕಾರ್ರದ್ದು, ನೀನು ಅವರು ಹೇಳಿದ್ದು ಮಾಡು’ ಅಂದವರೂ ಇದ್ದರು. ನಾನು ಒಪ್ಪಲ್ಲ, ಬರೆಯೋ ಕೈ ನನ್ನದು.

ಬೈಬಲ್‌ನಲ್ಲಿ ದಾನಿಯೇಲ ರಾಜ ದಾರ್ಯಾವೆಷನ ಕೆಲಸವನ್ನ ನಿಯತ್ತಾಗಿ ಮಾಡಿದ, ಶತ್ರುಗಳಿಗೂ ಅದರಲ್ಲಿ ತಪ್ಪು ಸಿಗಲಿಲ್ಲ. 30 ದಿನ ದೇವರನ್ನ ಬೇಡಬಾರದು ಅಂದಾಗ ಮಾತ್ರ ಆಜ್ಞೆ ಮೀರಿ, ಎಂದಿನ ಹಾಗೆ ದಿನಕ್ಕೆ 3 ಸಲ ಮೊಣಕಾಲೂರಿದ.

ಸೋಮವಾರ ಹೇಳಿಯೇಬಿಟ್ಟೆ: ‘ಸಾಹುಕಾರ್ರೇ, ಬೇರೆ ಏನು ಹೇಳಿದ್ರೂ ಮಾಡ್ತೀನಿ. ಮಷಿನ್ನು 50 ತೋರಿಸಿದ್ರೆ 49 ಬರೆಯಲ್ಲ.’ ಬೈದರು. ಈಗ ನನ್ನನ್ನ ಗೋದಾಮಿಗೆ ಹಾಕಿದ್ದಾರೆ, ಸಂಬಳ ಅಷ್ಟೇ ಇದೆ. ಚೀಟಿ ಮಾತ್ರ ಇನ್ನೊಬ್ಬ ಹುಡುಗ ಬರೀತಾನೆ, ಬೆಳೆಗಾರರಿಗೆ ಮೋಸ ನಿಂತಿಲ್ಲ. ಅದು ಕೊರೀತಿದೆ. ಹಾಸನದ ಕಡೆ ಲೆಕ್ಕ ಬರೆಯೋ ಕೆಲಸ ಹುಡುಕ್ತಿದ್ದೀನಿ, ಪ್ರಾರ್ಥನೆ ಮಾಡಿ.