ಚಿಂಪಾಂಜಿಗಳನ್ನು ಕಾಣದೆಯೇ ಎಣಿಸುವುದು ಹೇಗೆ?

ಪ್ರಶ್ನೆ (ಸಿದ್ದಾಪುರದಿಂದ):
ನಮ್ಮ ಸೊಪ್ಪಿನ ಬೆಟ್ಟದ ಮೇಲಿನ ಕಾಡಿಗೆ ಸಿಂಗಳೀಕಗಳ ಹಿಂಡೊಂದು ಬಂದುಹೋಗುತ್ತದೆ. ಮೂರು ವರ್ಷಗಳಿಂದ ಗಮನಿಸುತ್ತಿದ್ದರೂ ಅದರಲ್ಲಿ ಎಷ್ಟಿವೆ ಎಂದು ಖಚಿತವಾಗಿ ಹೇಳಲಾಗಿಲ್ಲ; ಕಾಣುವುದು ಹೆಚ್ಚಾಗಿ ಅಲುಗುವ ಕೊಂಬೆಯೇ. ಹೀಗಿರುವಾಗ ಪಶ್ಚಿಮ ಆಫ್ರಿಕಾದ ಚಿಂಪಾಂಜಿಗಳು 1990 ಮತ್ತು 2014ರ ನಡುವೆ ಶೇ. 80ರಷ್ಟು ಕಡಿಮೆಯಾದವು ಎಂದು ಸಂಶೋಧಕರು ಯಾವ ಆಧಾರದ ಮೇಲೆ ಹೇಳುತ್ತಾರೆ?

ಉತ್ತರ (ಶಿರಸಿಯಿಂದ):
ಅವರು ಬಹುಮಟ್ಟಿಗೆ ಎಣಿಸುವುದು ಚಿಂಪಾಂಜಿಗಳನ್ನಲ್ಲ, ಅವು ಮಲಗಿ ಬಿಟ್ಟುಹೋದ ಗೂಡುಗಳನ್ನು. ತಾಯಿಯ ಹಾಲು ಬಿಟ್ಟ ಪ್ರತಿಯೊಂದು ಚಿಂಪಾಂಜಿಯೂ ಸಂಜೆಯಾದೊಡನೆ ಕೊಂಬೆಗಳನ್ನು ಬಗ್ಗಿಸಿ ಹೊಸ ಹಾಸಿಗೆ ಮಾಡಿಕೊಳ್ಳುತ್ತದೆ. ಸಮೀಕ್ಷಕರು ಕಾಡಿನಲ್ಲಿ ನೇರ ಗೆರೆ ಹಿಡಿದು ನಡೆಯುತ್ತ, ಕಂಡ ಪ್ರತಿ ಗೂಡೂ ಆ ಗೆರೆಯಿಂದ ಎಷ್ಟು ದೂರದಲ್ಲಿದೆ ಎಂದು ಅಳೆಯುತ್ತಾರೆ. ದೂರ ಹೆಚ್ಚಿದಂತೆ ಕಣ್ತಪ್ಪುವ ಗೂಡುಗಳೂ ಹೆಚ್ಚುವುದರಿಂದ, ತಪ್ಪಿಹೋದವುಗಳ ಅಂದಾಜು ಆ ಅಳತೆಗಳಿಂದಲೇ ಸಿಗುತ್ತದೆ. ತೊಡಕಿರುವುದು ಆಮೇಲೆ. ದಿನಕ್ಕೊಂದರಂತೆ ಕಟ್ಟಿದ ಹಳೆಯ ಗೂಡುಗಳೂ ಲೆಕ್ಕಕ್ಕೆ ಸೇರುವುದರಿಂದ, ಗೂಡುಗಳ ಸಂಖ್ಯೆಯನ್ನು ಒಂದು ಗೂಡು ಉಳಿಯುವ ದಿನಗಳಿಂದ ಭಾಗಿಸಬೇಕು, ಆದರೆ ಆ ಅವಧಿ ಮರದ ಜಾತಿಗೂ ಮಳೆಗೂ ತಕ್ಕಂತೆ ಬದಲಾಗುತ್ತದೆ. 50 ದಿನ ಉಳಿಯುವ ಗೂಡಿಗೆ 100 ದಿನ ಎಂದು ಹಿಡಿದರೆ ಚಿಂಪಾಂಜಿಗಳ ಲೆಕ್ಕ ಅರ್ಧಕ್ಕೆ ಇಳಿಯುತ್ತದೆ. ಬೇರೆ ಕಾಡಿನ ಅವಧಿಯನ್ನು ಎರವಲು ತಂದ ವರದಿಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ. ನೀವು ಕೇಳಿದ ಶೇ. 80ರ ಅಂಕಿಯಾದರೋ ಹಲವು ವರ್ಷಗಳ ಸಮೀಕ್ಷೆಗಳನ್ನು ಹೋಲಿಸಿ ಬಂದದ್ದು.

ಉತ್ತರ (ಕಾರವಾರದಿಂದ):
ಗೂಡು ಕಟ್ಟದ ಮಂಗಗಳ ವಿಷಯ ಇನ್ನೂ ಕಷ್ಟ. ಐವರಿ ಕೋಸ್ಟಿನ ಟಾಯಿ ಕಾಡಿನಲ್ಲಿ ಡಯಾನಾ ಮಂಗಗಳನ್ನು ಕೂಗಿನಿಂದ ಗುರುತಿಸಬಹುದು, ಆದರೆ ಬೇಟೆ ಹೆಚ್ಚಿರುವಲ್ಲಿ ಮಂಗಗಳು ದನಿ ತಗ್ಗಿಸುತ್ತವೆ. ಆದ್ದರಿಂದ ಕೂಗು ಕೇಳಿಸಲಿಲ್ಲ ಎಂದಮಾತ್ರಕ್ಕೆ ಪ್ರಾಣಿಯೇ ಇಲ್ಲವೆಂದು ಬರೆಯಲಾಗದು. ಮಿಸ್ ವಾಲ್ಡ್ರನ್‌ನ ಕೆಂಪು ಕೊಲೊಬಸ್ ಎಂಬ ಪಶ್ಚಿಮ ಆಫ್ರಿಕಾದ ಮಂಗವನ್ನು 1978ರ ನಂತರ ಯಾವ ವಿಜ್ಞಾನಿಯೂ ಜೀವಂತವಾಗಿ ಕಂಡಿಲ್ಲ. 2000ದಲ್ಲಿ ಅದು ಅಳಿದಿರಬೇಕೆಂದು ಪ್ರಕಟಿಸಿದ ಮೇಲೆಯೂ ಅದರದೆನ್ನಲಾದ ಚರ್ಮ ಬೇಟೆಗಾರರ ಬಳಿ ದೊರೆಯಿತು.

ಪ್ರಶ್ನೆ ಕೇಳಿದವರು:
ಹಾಗಾದರೆ ಗೂಡು ಕಟ್ಟದ ನಮ್ಮ ಸಿಂಗಳೀಕಕ್ಕೆ ಏನು ಮಾಡುವುದು?

ಉತ್ತರ (ಶಿರಸಿಯಿಂದ):
ಹಿಂಡು ರಸ್ತೆಯನ್ನೋ ಹಳ್ಳವನ್ನೋ ದಾಟುವ ಕಡೆ ಮೊದಲೇ ಕುಳಿತು, ಒಂದೊಂದಾಗಿ ಹಾರುವಾಗ ಎಣಿಸಿ. ಹಲವು ದಿನ ಹೀಗೆ ಮಾಡಿ, ಬಂದ ಅತಿ ದೊಡ್ಡ ಸಂಖ್ಯೆಯನ್ನು ಕನಿಷ್ಠವೆಂದು ಬರೆದುಕೊಳ್ಳಿ. ಉಪ್ಪಾಗೆ ಹಣ್ಣು ಕೊಯ್ಯಲು ಕಾಡಿಗೆ ಹೋಗುವವರನ್ನೂ ವಿಚಾರಿಸಿ, ಹಿಂಡು ಯಾವ ಮಗ್ಗುಲಲ್ಲಿದೆ ಎಂಬುದು ಅವರಿಗೆ ನಮಗಿಂತ ಮೊದಲೇ ತಿಳಿದಿರುತ್ತದೆ.