ಊರುಗೋಲೂ ಆಗಬೇಕು, ಕ್ಯಾಮೆರಾಕ್ಕೂ ಆಸರೆಯಾಗಬೇಕು: ಯಾವ ಕೋಲು ತಗೊಳ್ಳಲಿ?

ಹೊಸಹಾದಿ (ಪ್ರಶ್ನೆ)

ಮಳೆ ಬಿಟ್ಟ ಮೇಲೆ ಕೊಡಗಿನ ತಡಿಯಂಡಮೋಳ್ ಬೆಟ್ಟ, ಆಮೇಲೆ ಬ್ರಹ್ಮಗಿರಿ ಹತ್ತುವ ಯೋಚನೆ ಇದೆ. ಮಿರರ್‌ಲೆಸ್ ಕ್ಯಾಮೆರಾ ಬಾಡಿ ಮತ್ತು 70–300 ಮಿ.ಮೀ. ಲೆನ್ಸ್ ಸೇರಿ ಸುಮಾರು 1.2 ಕೆ.ಜಿ. ಟ್ರೈಪಾಡ್ ಹೊರುವ ಮನಸ್ಸಿಲ್ಲ. ಹಿಡಿಯ ಮುಚ್ಚಳ ಬಿಚ್ಚಿದರೆ ಕ್ಯಾಮೆರಾ ಕೂರಿಸುವ ಸ್ಕ್ರೂ ಸಿಗುವ ಟ್ರೆಕ್ಕಿಂಗ್ ಪೋಲ್ ಒಂದು, ಮಾಮೂಲಿ ಮಾನೋಪಾಡ್ (ಒಂಟಿ ಕಾಲಿನ ಕ್ಯಾಮೆರಾ ಕೋಲು) ಒಂದು ನೋಡಿಟ್ಟಿದ್ದೇನೆ. ಕಾರ್ಬನ್ ತಗೊಳ್ಳಲಾ, ಅಲ್ಯೂಮಿನಿಯಂ ಸಾಕಾ? ನನ್ನ ಎತ್ತರ 5 ಅಡಿ 7 ಇಂಚು. ಮುಖ್ಯವಾಗಿ ಹಕ್ಕಿ ಚಿತ್ರ, ಜೊತೆಗೆ ಇರ್ಪು ಜಲಪಾತದ್ದು ಒಂದೆರಡು.

ಕಕ್ಕಬ್ಬೆ ಕಡೆಯವ

ಮೊದಲು ಉದ್ದ ನೋಡಿ ಸರ್. ನಿಮ್ಮ ಎತ್ತರಕ್ಕೆ ಬೆನ್ನು ಬಗ್ಗಿಸದೆ ವ್ಯೂಫೈಂಡರ್ ನೋಡಲು ಕೋಲು ಹತ್ತಿರಹತ್ತಿರ 150 ಸೆಂ.ಮೀ. ಇರಬೇಕು. ಟ್ರೆಕ್ಕಿಂಗ್ ಪೋಲ್‌ಗಳು ಸಾಮಾನ್ಯವಾಗಿ 135ಕ್ಕೆ ಮುಗಿಯುತ್ತವೆ. ಮಡಚುವ ಸ್ಕ್ರೀನ್ ನೋಡಿಕೊಂಡು ತೆಗೆಯುವವರಿಗೆ ಅಷ್ಟು ಸಾಕು, ಆದರೆ ಮರದ ಮೇಲಿನ ಹಕ್ಕಿಗೆ ಕ್ಯಾಮೆರಾ ಮೇಲೆತ್ತಿ ಕಾಯುವಾಗ ಆ 15 ಸೆಂ.ಮೀ. ಕೊರತೆ ಕುತ್ತಿಗೆಗೆ ಬರುತ್ತದೆ. ಅದೂ ಅಲ್ಲದೆ ಮುಚ್ಚಳದಡಿಯ ಸ್ಕ್ರೂ ಚಿಕ್ಕ ಕ್ಯಾಮೆರಾಕ್ಕೆ ಅಂತ ಇಟ್ಟದ್ದು. 1.2 ಕೆ.ಜಿ.ಗೆ, ಅದರಲ್ಲೂ ಮುಂದಕ್ಕೆ ಭಾರ ಬೀಳುವ ಲೆನ್ಸಿಗೆ, ನನ್ನ ಮತ ಮಾನೋಪಾಡಿಗೇ.

ಕೋಲಿನ ತುಂಡುಗಳನ್ನು ಹಿಡಿದಿಡುವ ಲಾಕ್ ವಿಷಯದಲ್ಲಿ ರಾಜಿ ಬೇಡ. ತಿರುಗಿಸಿ ಬಿಗಿ ಮಾಡುವ ಲಾಕ್ ಸಪೂರ, ಹಗುರ, ನಿಜ. ಒದ್ದೆ ಕೈಯಲ್ಲಿ ಅದು ಪೂರ್ತಿ ಬಿಗಿಯಾಯಿತಾ ಇಲ್ಲವಾ ಗೊತ್ತಾಗುವುದಿಲ್ಲ. ತಲೆಯ ಸ್ಕ್ರೂಗೆ ಕ್ಯಾಮೆರಾ ಹಾಕಲು ಕೋಲನ್ನೇ ತಿರುಗಿಸಿದರೆ ಕೆಳಗಿನ ಲಾಕ್ ಸಡಿಲವಾಗುವುದೂ ಉಂಟು. ಮಡಚಿ ಕೂರಿಸುವ ಲಿವರ್ ಲಾಕ್ ಕಣ್ಣಿಗೆ ಕಾಣುತ್ತದೆ, ಸಡಿಲಾದರೆ ಪಕ್ಕದ ಸ್ಕ್ರೂ ಬಿಗಿ ಮಾಡಬಹುದು. ಅದಕ್ಕೆ ಕೋಲಿನ ಜೊತೆ ಬರುವ ಅಲೆನ್ ಕೀ (ಆರು ಮೂಲೆಯ ಸಣ್ಣ ಕೀಲಿ) ಮನೆಯಲ್ಲಿ ಬಿಡಬೇಡಿ.

ಅಂಗಡಿಯಲ್ಲೇ ಪರೀಕ್ಷೆ ಮಾಡಿ: ಪೂರ್ತಿ ಉದ್ದ ಮಾಡಿ, ಪ್ರತಿ ಕೀಲಿನ ಹತ್ತಿರ ಪೆನ್ಸಿಲ್ ಗೆರೆ ಎಳೆದು, ಎರಡೂ ಅಂಗೈ ಮೇಲಿಟ್ಟು ಮೈಭಾರ ಹಾಕಿ ಒತ್ತಿ. ಗೆರೆ 2 ಮಿ.ಮೀ. ಸರಿದರೂ ವಾಪಸ್ ಕೊಡಿ. ಅಡ್ಡ ಪೆಟ್ಟಿನ ಮಾತು ಬೇರೆ. ಮಾನೋಪಾಡಿನ ಕೊನೆಯ ತುಂಡು ಬೆರಳಿನಷ್ಟೇ ದಪ್ಪ, ಅದು ನೇರ ಭಾರಕ್ಕೆ ಮಾಡಿದ್ದು. ನಡೆಯುವಾಗ ಮೇಲಿನ ದಪ್ಪ ತುಂಡುಗಳನ್ನು ಮೊದಲು ಎಳೆದುಕೊಳ್ಳಿ, ಸಪೂರದ್ದು ಆದಷ್ಟು ಒಳಗೇ ಇರಲಿ. ನಿಮಗೆ ನಡೆಯಲು 110–115 ಸೆಂ.ಮೀ. ಬೇಕು, ಮೊಣಕೈ ಲಂಬಕೋನದಲ್ಲಿ ನಿಲ್ಲುವಷ್ಟು. ಇಳಿಜಾರಿನಲ್ಲಿ 5–10 ಸೆಂ.ಮೀ. ಹೆಚ್ಚಿಸಿ. ಆ ಅಳತೆಗೆ ಟೇಪ್ ಸುತ್ತಿಟ್ಟರೆ ಪದೇ ಪದೇ ಅಂದಾಜು ಮಾಡುವ ಕೆಲಸ ಇಲ್ಲ.

ಗದ್ದೆಬದಿ

ಕಾರ್ಬನ್ ಹಗುರ, ಚಳಿಯಲ್ಲಿ ಕೈಗೆ ತಣ್ಣಗೆ ಹತ್ತುವುದಿಲ್ಲ. ಆದರೆ ಕಲ್ಲಿನ ಚೂಪು ಬಡಿದರೆ ಸಣ್ಣ ಬಿರುಕು ಬಿದ್ದು, ಆಮೇಲೆ ಯಾವಾಗಲೋ ಒಮ್ಮೆಲೇ ಮುರಿಯುತ್ತದೆ. ಅಲ್ಯೂಮಿನಿಯಂ ಬಾಗುತ್ತದೆ, ಅಂದರೆ ಎಚ್ಚರಿಕೆ ಕೊಟ್ಟು ಹೋಗುತ್ತದೆ. ಊರುಗೋಲಾಗಿಯೂ ಬಳಸುವುದಾದರೆ 100–150 ಗ್ರಾಂ ಹೆಚ್ಚಾದರೂ ಅಲ್ಯೂಮಿನಿಯಮ್ಮೇ ಸರಿ ಅಂತ ನನ್ನ ಅಭಿಪ್ರಾಯ.

ತುದಿ: ಒಣ ಬಂಡೆಗೆ ರಬ್ಬರ್, ಕೆಸರಿಗೂ ಹುಲ್ಲಿನ ಇಳಿಜಾರಿಗೂ ಲೋಹದ ಮೊನೆ. ತಡಿಯಂಡಮೋಳಿನ ಕೊನೆಯ ಏರಿನಲ್ಲಿ ಬೇರು, ಒದ್ದೆ ಮಣ್ಣು, ಕಲ್ಲು ಎಲ್ಲ ಸಿಗುತ್ತದೆ. ಆದ್ದರಿಂದ ರಬ್ಬರ್ ತಿರುಗಿಸಿದರೆ ಮೊನೆ ಹೊರಬರುವ ಕೋಲು ನೋಡಿ. ಸುಮ್ಮನೆ ಸಿಕ್ಕಿಸಿದ ರಬ್ಬರ್ ಟೋಪಿ ಕೆಸರಲ್ಲೇ ಉಳಿದುಬಿಡುತ್ತದೆ. ಪಾಚಿ ಕಟ್ಟಿದ ಒದ್ದೆ ಬಂಡೆಯಲ್ಲಿ ಎರಡನ್ನೂ ನಂಬಬೇಡಿ.

ನಮ್ಮ ಕಡೆಗೇ ಸೇರಿದ ಇನ್ನೊಂದು ಮಾತು. ತೋಟದ ಅಂಚಿನಲ್ಲಿ ಆನೆಗೆ ಹಾಕಿದ ಸೋಲಾರ್ ಬೇಲಿಯನ್ನು ಕೋಲಿನಿಂದ ಸರಿಸಲು, ಎತ್ತಲು ಹೋಗಬೇಡಿ. ಅಲ್ಯೂಮಿನಿಯಂ ಬಿಡಿ, ಕಾರ್ಬನ್ನಿನಲ್ಲೂ ಕರೆಂಟ್ ಹರಿಯುತ್ತದೆ. ಗುಡ್ಡದ ನೆತ್ತಿಯಲ್ಲಿ ಗುಡುಗು ಶುರುವಾದರೆ ಕೋಲು ಮಡಚಿ ತಕ್ಷಣ ಕೆಳಗಿಳಿಯಿರಿ.

ಹೊಸಹಾದಿ

ಧನ್ಯವಾದ. ಮನೆಯಲ್ಲಿ ಒಳ್ಳೆ ಬಿದಿರಿದೆ. ಅದಕ್ಕೇ ಸ್ಕ್ರೂ ಕೂರಿಸಿದರೆ? ಹಾರ್ಡ್‌ವೇರ್ ಅಂಗಡಿಯವರು 6 ಎಂ.ಎಂ. ಬೋಲ್ಟ್ ಸಾಕು ಅಂದರು.

ಕಾಜೂರು ಬಡಗಿ

6 ಎಂ.ಎಂ. ಖಂಡಿತ ಬೇಡ ಅಣ್ಣ. ಕ್ಯಾಮೆರಾದ ತೂತು ಕಾಲು ಇಂಚಿನದು, ಅಂದರೆ 6.35 ಮಿ.ಮೀ., ಇಂಚಿಗೆ 20 ಸುತ್ತು. 6 ಎಂ.ಎಂ. ಬೋಲ್ಟಿನ ಸುತ್ತು 1 ಮಿ.ಮೀ. ಅಂತರದ್ದು, ಕ್ಯಾಮೆರಾದ್ದು 1.27. ಒಳಗೆ ಹೋದ ಹಾಗೆ ಕಾಣುತ್ತದೆ, ಅಲ್ಲಾಡುತ್ತದೆ, ಒತ್ತಾಯ ಮಾಡಿ ಬಿಗಿದರೆ ಕ್ಯಾಮೆರಾದ ಮರೆಯೇ (ತೂತಿನೊಳಗಿನ ಸುತ್ತು) ಹಾಳು. ‘ಕಾಲು ಇಂಚು, 20 ಮರೆ’ ಅಂತಲೇ ಕೇಳಿ.

ಒಳಗೆ ಹೆಚ್ಚು ಟೊಳ್ಳಿಲ್ಲದ, ಚೆನ್ನಾಗಿ ಬಲಿತು ನೆರಳಲ್ಲಿ ಒಣಗಿದ ಬಿದಿರು ಬೇಕು, ತಲೆಯಲ್ಲಿ 30 ಮಿ.ಮೀ. ದಪ್ಪ. ಗಂಟಿನ ಸ್ವಲ್ಪ ಮೇಲೆ ಕೊಯ್ದು, ನಡುವೆ 7 ಮಿ.ಮೀ. ತೂತನ್ನು ಗಂಟು ದಾಟಿ 50 ಮಿ.ಮೀ. ಆಳ ಕೊರೆಯಿರಿ. ಬಿದಿರು ಸೀಳುವುದು ಇಲ್ಲೇ. ಹಾಗಾಗಿ ಕೊರೆಯುವ ಮೊದಲೇ ತುದಿಗೆ ನೈಲಾನ್ ದಾರ ಬಿಗಿಯಾಗಿ ಸುತ್ತಿ ಅರಾಲ್ಡೈಟ್ ಅಂಟು ಹಚ್ಚಿ ಒಣಗಿಸಿ. ತಲೆ ಕೊಯ್ದ ಬೋಲ್ಟನ್ನು ತೂತಿಗೆ ಅರಾಲ್ಡೈಟ್ ತುಂಬಿ ಇಳಿಸಿ, ಮೇಲಿಂದ ಅಗಲ ವಾಷರ್, ನಟ್ ಹಾಕಿ. ಒಂದು ಇಡೀ ದಿನ ಮುಟ್ಟಬೇಡಿ. ನಟ್ಟಿನ ಮೇಲೆ ಉಳಿಯುವ ಸ್ಕ್ರೂ 5 ಮಿ.ಮೀ. ಮೀರಬಾರದು. ಮೀರಿದರೆ ಕ್ಯಾಮೆರಾ ಕೂರುವ ಮೊದಲೇ ಸ್ಕ್ರೂ ತೂತಿನ ತಳ ಒತ್ತುತ್ತದೆ. ನಟ್ಟಿನ ಮೇಲೆ ಅಗಲದ ಇನ್ನೊಂದು ವಾಷರ್, ಅದರ ಮೇಲೆ ತೆಳು ರಬ್ಬರ್ ಇಟ್ಟರೆ ಕ್ಯಾಮೆರಾ ಗಟ್ಟಿಯಾಗಿ ಕೂರುತ್ತದೆ. ಹಾಗಿಟ್ಟರೆ ಆ 5 ಮಿ.ಮೀ. ಅನ್ನು ನಟ್ಟಿನಿಂದಲ್ಲ, ರಬ್ಬರಿನ ಮೇಲಿಂದ ಅಳೆಯಿರಿ.

ಇದರ ಕೊರತೆ ಒಂದೇ, ಉದ್ದ ಬದಲಾಗುವುದಿಲ್ಲ. 150 ಸೆಂ.ಮೀ.ಗೆ ಕೊಯ್ದು, ನಡೆಯುವಾಗ 110ರ ಹತ್ತಿರ ಹಗ್ಗ ಸುತ್ತಿ ಹಿಡಿ ಮಾಡಿಕೊಳ್ಳಿ. ಬಸ್ಸಿನಲ್ಲಿ ಮಾತ್ರ ಕಷ್ಟ.

ಕಕ್ಕಬ್ಬೆ ಕಡೆಯವ

ಬಿದಿರಾಗಲಿ ಮಾನೋಪಾಡಾಗಲಿ, ಬರೀ ಸ್ಕ್ರೂ ಮೇಲೆ ಕ್ಯಾಮೆರಾ ಹಾಕಿ ಹಕ್ಕಿಯ ಹಿಂದೆ ಎಡಕ್ಕೆ ತಿರುಗಿಸಬೇಡಿ, ಸ್ಕ್ರೂ ಬಿಚ್ಚಿಕೊಳ್ಳುತ್ತದೆ. ಕೋಲನ್ನೂ ಸೇರಿಸಿ ತಿರುಗಿ. ನಡೆಯುವಾಗ ಕ್ಯಾಮೆರಾ ಬಿಚ್ಚಿ ಚೀಲಕ್ಕೆ, ಇದರಲ್ಲಿ ವಿನಾಯಿತಿ ಇಲ್ಲ. ಕೋಲಿನ ಮೇಲೆ ಕ್ಯಾಮೆರಾ ಕಚ್ಚಿಸುವ ಕ್ಲ್ಯಾಂಪ್ ಇದ್ದರೆ ಅಂಗೈಯನ್ನು ಅದರ ಮೇಲಿಡದೆ ಕೆಳಗಿನ ಫೋಮ್ ಹಿಡಿಯಿರಿ, ಇಲ್ಲದಿದ್ದರೆ ಇಳಿಯುವಷ್ಟರಲ್ಲಿ ಬೊಬ್ಬೆ.

ಲೆನ್ಸ್ 300 ಮಿ.ಮೀ.ನಲ್ಲಿದ್ದಾಗ ಬರಿಗೈಗೆ 1/300 ಸೆಕೆಂಡ್ ಶಟರ್ (ಬೆಳಕು ಒಳಬಿಡುವ ಹೊತ್ತು) ಬೇಕಾದರೆ, ಕೋಲಿನ ಆಸರೆಯಲ್ಲಿ 1/80ರವರೆಗೆ ಇಳಿಯಬಹುದು. ಶೋಲಾ ಕಾಡಿನ (ಬೆಟ್ಟದ ಕಣಿವೆಯ ದಟ್ಟ ಕಾಡು) ಮಬ್ಬಿಗೆ ಅದು ದೊಡ್ಡ ಲಾಭ. ಕೂತ ಹಕ್ಕಿಗೆ ಮಾತ್ರ. ಕತ್ತು ಆಡಿಸುವ ಹಕ್ಕಿಗೆ 1/500 ಬೇಕೇ ಬೇಕು, ಅಲ್ಲಿ ಕೋಲು ಉಳಿಸುವುದು ನಿಮ್ಮ ತೋಳನ್ನು. ಕೋಲಿನ ತುದಿ ಒಂದು ಹೆಜ್ಜೆ ಮುಂದಿರಲಿ, ಎರಡು ಕಾಲು ಅಗಲಿಸಿ, ಮೇಲಿನಿಂದ ಸ್ವಲ್ಪ ಒತ್ತಿ ಹಿಡಿಯಿರಿ.

ಇರ್ಪಿನ ನೀರು ಹಾಲಿನಂತೆ ಬರಬೇಕಾದರೆ ಅರ್ಧ ಸೆಕೆಂಡಾದರೂ ಬೇಕು, ಅದು ಒಂಟಿ ಕಾಲಿನಿಂದ ಆಗದು. ರೇನ್‌ಕೋಟ್ ಮಡಚಿ ಬಂಡೆಯ ಮೇಲಿಟ್ಟು, ಅದರ ಮೇಲೆ ಕ್ಯಾಮೆರಾ ಕೂರಿಸಿ 2 ಸೆಕೆಂಡ್ ಟೈಮರ್ ಹಾಕಿ.

ಬ್ರಹ್ಮಗಿರಿಗೆ ಅರಣ್ಯ ಇಲಾಖೆಯ ಅನುಮತಿ ಮೊದಲೇ ನೋಡಿಕೊಳ್ಳಿ.

ಗದ್ದೆಬದಿ

ಬಂದ ಮೇಲೆ ಕೋಲನ್ನು ಮಡಚಿ ಮೂಲೆಗೆ ನಿಲ್ಲಿಸಬೇಡಿ. ತುಂಡುಗಳನ್ನು ಪೂರ್ತಿ ಬಿಚ್ಚಿ, ಮರಳು ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದು ರಾತ್ರಿ ಬೇರೆ ಬೇರೆಯಾಗಿ ಒಣಗಿಸಿ. ಒಳಗೆ ನೀರು ಉಳಿದರೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿ ತುಂಡುಗಳು ಅಂಟಿಕೊಳ್ಳುತ್ತವೆ. ಎಣ್ಣೆ ಹಾಕಲೇಬಾರದು, ಲಾಕ್ ಹಿಡಿಯುವುದೇ ಇಲ್ಲ.